ರಾತ್ರಿ ಮಲಗದ ಆನೆ

ಪಶುವೈದ್ಯನಾಗಿರುವ ನನ್ನ ಗೆಳೆಯನೊಬ್ಬ ಕೆಲವು ವರ್ಷ ನಾಗರಹೊಳೆ ಕಡೆಯ ಕಾಡಂಚಿನ ಊರೊಂದರಲ್ಲಿದ್ದ. ಹತ್ತಿರದ ಆನೆ ಕ್ಯಾಂಪಿಗೆ ವಾರಕ್ಕೊಮ್ಮೆಯಾದರೂ ಹೋಗಿಬರುವುದು ಅವನ ಕೆಲಸದಲ್ಲಿ ಸೇರಿತ್ತು. ಮಳೆ ಹಿಂದಾದ ಒಂದು ನವೆಂಬರಿನಲ್ಲಿ ಅವನ ಮನೆಗೆ ಹೋಗಿದ್ದ ನಾನು, ಬೆಳಿಗ್ಗೆ ಅವನು ಹೊರಟಾಗ ಸುಮ್ಮನೆ ಜೀಪು ಹತ್ತಿದೆ. ನಾನು ಇತಿಹಾಸದ ಮೇಷ್ಟ್ರು. ಆನೆಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಇಮ್ಮಡಿ ದೇವರಾಯನ ‘ಗಜಬೇಟೆಕಾರ’ ಎಂಬ ಬಿರುದಿನ ಆಚೆಗೆ ಹೆಚ್ಚೇನೂ ದಾಟಿರಲಿಲ್ಲ.

ಕ್ಯಾಂಪಿನ ಆನೆಗಳನ್ನು ರಾತ್ರಿ ಹೊತ್ತು ಉದ್ದನೆಯ ಸರಪಳಿ ಕಟ್ಟಿ ಕಾಡಿಗೆ ಬಿಡುತ್ತಾರೆ. ಬೆಳಗಾದ ಮೇಲೆ ಮಾವುತ, ಕಾವಾಡಿಗಳು ಸರಪಳಿ ಎಳೆದ ಗುರುತು ಹಿಡಿದು ಹೋಗಿ ಕರೆತರುತ್ತಾರೆ. ನಾವು ಹೋದಾಗ ಎಲ್ಲ ಆನೆಗಳೂ ಬಂದಾಗಿತ್ತು. ಹಿರಿಯ ಮಾವುತರೊಬ್ಬರು, ಜೇನುಕುರುಬರು, ಅರವತ್ತು ದಾಟಿದವರು, ಒಂದು ಹೆಣ್ಣಾನೆಯನ್ನು ಬೇರೆಯಾಗಿ ಮರದ ಕೆಳಗೆ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಆನೆ ಭತ್ತ, ಬೆಲ್ಲ ಕಟ್ಟಿದ ಕುಸುರೆಯನ್ನು ಒಂದೊಂದಾಗಿ ಬಾಯಿಗಿಟ್ಟುಕೊಳ್ಳುತ್ತಿತ್ತು. ಕಿವಿ ಬೀಸುತ್ತಿತ್ತು. ನನ್ನ ಕಣ್ಣಿಗೆ ಅದಕ್ಕೆ ಏನೂ ಆಗಿರಲಿಲ್ಲ.

“ಎರಡ್ ರಾತ್ರಿ ಆಯ್ತು ಸಾರ್, ಮಲಗಿಲ್ಲ ಇವಳು” ಎಂದರು ಮಾವುತರು.

“ಹೇಗ್ ಗೊತ್ತಾಯ್ತಣ್ಣ?”

“ನಿಂತ ಜಾಗ ಸಿಕ್ತು, ಲದ್ದಿ ಸಿಕ್ತು. ಹುಲ್ಲು ಎಲ್ಲೂ ಒರಗಿಲ್ಲ. ಪಕ್ಕೆ ನೋಡಿ, ಮಣ್ಣೇ ಇಲ್ಲ.”

ಗೆಳೆಯ ಬೇರೇನೂ ಕೇಳಲಿಲ್ಲ. ಆನೆಯ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, ಉಗುರು ಹೆರೆಯುವ ಚಾಕುವಿನ ಹಿಡಿಯಿಂದ ಒಂದೊಂದೇ ಉಗುರನ್ನು ಮೆಲ್ಲಗೆ ಕುಟ್ಟುತ್ತ ಹೋದ. ಎಡ ಮುಂಗಾಲಿನ ಒಂದು ಉಗುರಿಗೆ ಬಂದಾಗ ಆನೆ ತಿನ್ನುವುದನ್ನು ನಿಲ್ಲಿಸಿತು. ಅಷ್ಟೆ. ಕಾಲು ಎಳೆದುಕೊಳ್ಳಲಿಲ್ಲ, ಕೂಗಲಿಲ್ಲ. ಸೊಂಡಿಲಲ್ಲಿದ್ದ ಕುಸುರೆ ಅರ್ಧಕ್ಕೇ ನಿಂತಿತು. ಆ ಉಗುರಿನ ಬುಡದಲ್ಲಿ ಕೀವು ತುಂಬಿತ್ತು.

ಹಿಂತಿರುಗುವಾಗ ಅವನು ವಿವರಿಸಿದ. ಮೂರು ಟನ್ನಿನ ಪ್ರಾಣಿ ಮಲಗುವುದೂ ಏಳುವುದೂ ಸಣ್ಣ ಕೆಲಸವಲ್ಲ. ಏಳುವಾಗ ಇಡೀ ಮೈಭಾರ ಕಾಲಿನ ಮೇಲೆ ಬರುತ್ತದೆ. ಪಾದದಲ್ಲಿ ನೋವಿದ್ದರೆ ಆನೆ ಮಲಗುವ ಗೊಡವೆಗೇ ಹೋಗದೆ ನಿಂತೇ ತೂಕಡಿಸುತ್ತದೆ. ಕುಂಟುವುದು ಆಮೇಲಿನ ಮಾತು. ಕುಂಟುವ ಹೊತ್ತಿಗೆ ಕೀವು ಮೂಳೆಯವರೆಗೆ ಇಳಿದಿದ್ದರೂ ಇಳಿದಿರಬಹುದು. “ಅವರು ಹೇಳದೆ ಇದ್ದಿದ್ರೆ ನಾನು ಇವತ್ತು ಅದನ್ನ ಮುಟ್ಟಿಯೂ ನೋಡ್ತಿರ್ಲಿಲ್ಲ” ಎಂದ. ಇದನ್ನೆಲ್ಲ ಕಾಲೇಜಿನಲ್ಲಿ ಕಲಿಸಿದ್ದರಾ ಎಂದು ಕೇಳಿದೆ. ನಕ್ಕು ಗೇರು ಬದಲಿಸಿದ.

ಊರಿಗೆ ಬಂದ ಮೇಲೂ ಆ ಮಣ್ಣಿಲ್ಲದ ಪಕ್ಕೆ ನನ್ನ ತಲೆಯಿಂದ ಹೋಗಲಿಲ್ಲ. ಆನೆಯ ನಿದ್ದೆ ವೈದ್ಯನಿಗೆ ಬೇಕಾದ ಸಂಗತಿ ಎಂಬುದನ್ನು ಮೊದಲು ಬರೆದಿಟ್ಟವರು ಯಾರು? ಹುಡುಕುತ್ತ ಹೋದವನಿಗೆ ಮೊದಲು ಸಿಕ್ಕಿದ್ದು ನಾನು ಹಲವು ವರ್ಷ ಪಾಠ ಮಾಡಿದ್ದ, ಆದರೆ ಈ ಕಣ್ಣಿನಿಂದ ಒಮ್ಮೆಯೂ ಓದಿರದ ಪುಸ್ತಕ: ಕೌಟಿಲ್ಯನ ಅರ್ಥಶಾಸ್ತ್ರ. ನಾವು ಅದನ್ನು ಗೂಢಚಾರರಿಗಾಗಿ, ತೆರಿಗೆಗಾಗಿ, ಸಪ್ತಾಂಗಕ್ಕಾಗಿ ಓದಿಸುತ್ತೇವೆ. ಅದರ ಎರಡನೆಯ ಅಧಿಕರಣದಲ್ಲಿ ಹಸ್ತ್ಯಧ್ಯಕ್ಷ, ಅಂದರೆ ಆನೆಗಳ ಮೇಲಧಿಕಾರಿ, ಏನೇನು ನೋಡಿಕೊಳ್ಳಬೇಕು ಎಂಬ ಭಾಗವಿದೆ. ಆನೆಯ ದಿನಚರಿ ಅಲ್ಲಿ ಗಂಟೆ ಹಾಕಿಟ್ಟಂತೆ ಬರುತ್ತದೆ. ಹಗಲಿನಲ್ಲಿ ಎರಡು ಸಲ ಸ್ನಾನ, ಸ್ನಾನದ ಬೆನ್ನಿಗೆ ಮೇವು. ಬೆಳಗಿನ ಹೊತ್ತು ವ್ಯಾಯಾಮ, ಮಧ್ಯಾಹ್ನದ ಮೇಲೆ ಕುಡಿಸುವುದು. ರಾತ್ರಿಯಲ್ಲಿ ಎರಡು ಪಾಲು ನಿದ್ದೆಗೆ, ಉಳಿದ ಒಂದು ಪಾಲು ಮಲಗುವುದಕ್ಕೆ ಮತ್ತು ಏಳುವುದಕ್ಕೆ. ಮಲಗುವುದಕ್ಕೂ ಏಳುವುದಕ್ಕೂ ಬೇರೆಯೇ ಸಮಯ ಎತ್ತಿಟ್ಟ ಆ ಮನುಷ್ಯ ಯಾರೇ ಆಗಿರಲಿ, ಆತ ಲಾಯದಲ್ಲಿ ರಾತ್ರಿ ಕಳೆದವನು, ಅಥವಾ ಕಳೆದವರನ್ನು ಕೇಳಿ ಬರೆದುಕೊಂಡವನು.

ಆನೆಯ ಲಾಯದ ಸಿಬ್ಬಂದಿಯ ಪಟ್ಟಿಯಲ್ಲಿ ವೈದ್ಯನೂ ಬರುತ್ತಾನೆ. ದೂರದ ಪ್ರಯಾಣ, ರೋಗ, ದುಡಿಮೆ, ಮದ, ಮುಪ್ಪು ಇವುಗಳಿಂದ ಬಳಲಿದ ಆನೆಗಳನ್ನು ಆತ ನೋಡಬೇಕು. ಐದರಲ್ಲಿ ರೋಗ ಒಂದು ಮಾತ್ರ ಎಂಬುದನ್ನು ಗಮನಿಸಬೇಕು. ಉಳಿದ ನಾಲ್ಕೂ ಆನೆ ಹೇಗೆ ಬದುಕುತ್ತಿದೆ, ಅದರಿಂದ ಏನು ಕೆಲಸ ತೆಗೆಯುತ್ತಿದ್ದಾರೆ ಎಂಬುದಕ್ಕೆ ಸೇರಿದವು. ಲಾಯವನ್ನು ಗಲೀಜು ಇಟ್ಟರೆ, ಮೇವು ಕೊಡದಿದ್ದರೆ, ಬರಿನೆಲದ ಮೇಲೆ ಮಲಗಿಸಿದರೆ, ಹೊಡೆಯಬಾರದ ಜಾಗಕ್ಕೆ ಹೊಡೆದರೆ, ಹೊತ್ತಲ್ಲದ ಹೊತ್ತಿನಲ್ಲಿ ಸವಾರಿ ಮಾಡಿದರೆ ದಂಡ. ಕೌಟಿಲ್ಯನಿಗೆ ಆನೆಯ ಮೇಲೆ ಕರುಣೆ ಇತ್ತೆಂದು ನಾನು ಹೇಳುತ್ತಿಲ್ಲ. ಅವನಿಗೆ ಯುದ್ಧಕ್ಕೆ ಆನೆ ಬೇಕಿತ್ತು. ಕೆಟ್ಟ ಆನೆ ರಾಜ್ಯಕ್ಕೆ ನಷ್ಟ.

ಇದೇ ಪ್ರಾಣಿಯ ನಿದ್ದೆಯ ಬಗ್ಗೆ ಯುರೋಪಿನಲ್ಲಿ ಶತಮಾನಗಟ್ಟಲೆ ಇದ್ದ ನಂಬಿಕೆ ಬೇರೆ. ಆನೆಯ ಕಾಲಿಗೆ ಕೀಲುಗಳೇ ಇಲ್ಲ, ಆದ್ದರಿಂದ ಅದು ಮಲಗಲಾರದು, ಮರಕ್ಕೆ ಒರಗಿ ನಿದ್ದೆ ಮಾಡುತ್ತದೆ. ಬೇಟೆಗಾರರು ಮರವನ್ನು ಅರ್ಧ ಕುಯ್ದಿಟ್ಟರೆ ಮರದ ಜೊತೆ ಆನೆಯೂ ಬೀಳುತ್ತದೆ, ಬಿದ್ದದ್ದು ಏಳಲಾರದು ಎಂದು ಅಲ್ಲಿನ ಮಧ್ಯಯುಗದ ಪ್ರಾಣಿಕಥೆಗಳು ಹೇಳುತ್ತಿದ್ದವು. 1646ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನ್ ಜನರ ತಪ್ಪು ನಂಬಿಕೆಗಳನ್ನು ಒಟ್ಟುಮಾಡಿ ಬರೆದ ಪುಸ್ತಕದಲ್ಲಿ ಇದನ್ನು ಅಲ್ಲಗಳೆಯಲು ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಯಿತು. ಇದನ್ನು ಓದಿ ನಮ್ಮವರ ಬೆನ್ನು ತಟ್ಟಿಕೊಳ್ಳುವ ಆಸೆ ನನಗೂ ಆಯಿತು. ಆದರೆ ವಿಷಯ ಸರಳ: ಅವರ ಎದುರಿಗೆ ಆನೆ ಇರಲಿಲ್ಲ, ಇಲ್ಲಿ ಅಂಗಳದಲ್ಲಿತ್ತು. ಯುರೋಪಿನವರು ತಮ್ಮ ಅಂಗಳದ ಕುದುರೆಯ ವಿಷಯದಲ್ಲಿ ಇಂಥ ತಪ್ಪು ಮಾಡಲಿಲ್ಲ.

ಅರ್ಥಶಾಸ್ತ್ರದ ತಾಳೆಗರಿ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ಪ್ರತಿಯನ್ನು ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಆ ಹೊತ್ತಿಗೆ ಮೈಸೂರಿನಿಂದ ಒಂದು ಹಗಲಿನ ದಾರಿಯಾಚೆ ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾಗಳು ನಡೆಯುತ್ತಿದ್ದವು. ಓಲೆಗರಿಯ ಲಾಯವೂ ನಿಜವಾದ ಲಾಯವೂ ಅಷ್ಟು ಹತ್ತಿರ ಇದ್ದವು. ಖೆಡ್ಡಾದ ಮಾತಿಗೆ ಆಮೇಲೆ ಬರುತ್ತೇನೆ; ಮೊದಲು ಆನೆಗಳ ಮೊದಲ ವೈದ್ಯನ ಕತೆ.

ಸಂಸ್ಕೃತದ ದೊಡ್ಡ ಆನೆವೈದ್ಯ ಗ್ರಂಥ ‘ಹಸ್ತ್ಯಾಯುರ್ವೇದ’. ಪಾಲಕಾಪ್ಯನೆಂಬ ಮುನಿ ಅಂಗದೇಶದ ರಾಜ ರೋಮಪಾದನಿಗೆ ಹೇಳಿದ್ದು ಎಂಬ ರೂಪದಲ್ಲಿದೆ. ದೊಡ್ಡ ರೋಗಗಳು, ಸಣ್ಣ ರೋಗಗಳು, ಶಸ್ತ್ರಚಿಕಿತ್ಸೆ, ಆಮೇಲೆ ಉಳಿದದ್ದೆಲ್ಲ ಎಂದು ನಾಲ್ಕು ಭಾಗ. ಪಾಲಕಾಪ್ಯ ಯಾವ ಕಾಲದವನು, ಅಂಥವನೊಬ್ಬ ಇದ್ದನೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಅವನ ಬಗ್ಗೆ ಹೇಳುವ ಕತೆ ನನಗೆ ಹೆಚ್ಚು ಮುಖ್ಯ. ಅಂಗದ ಬೆಳೆಯನ್ನು ಕಾಡಾನೆಗಳು ಹಾಳುಮಾಡುತ್ತಿದ್ದವು. ರಾಜನ ಜನ ಒಂದು ಹಿಂಡನ್ನು ಹಿಡಿದು ಚಂಪಾನಗರಕ್ಕೆ ತಂದು ಕಂಬಗಳಿಗೆ ಕಟ್ಟಿದರು. ಆ ಹಿಂಡಿನ ಜೊತೆಗೇ ಬದುಕುತ್ತಿದ್ದ ಒಬ್ಬ ಯುವಕ, ಹೆಣ್ಣಾನೆಯ ಹೊಟ್ಟೆಯಲ್ಲಿ ಹುಟ್ಟಿದವನಂತೆ, ಆ ಹೊತ್ತಿಗೆ ಅಲ್ಲಿರಲಿಲ್ಲ. ಬಂದು ನೋಡಿದರೆ ಹಿಂಡಿಲ್ಲ. ಹುಡುಕಿಕೊಂಡು ಪಟ್ಟಣಕ್ಕೆ ಬಂದ. ಕಟ್ಟಿದ ಆನೆಗಳ ನಡುವೆ ಓಡಾಡುತ್ತ ಅವುಗಳ ಗಾಯಗಳಿಗೆ ಔಷಧ ಹಚ್ಚತೊಡಗಿದ. ಯಾರು ಏನು ಕೇಳಿದರೂ ಮಾತಿಲ್ಲ. ಕೊನೆಗೆ ರಾಜನೇ ಬಂದು ಉಪಚರಿಸಿ ಕೇಳಿದ ಮೇಲೆ ಬಾಯಿಬಿಟ್ಟ: ಇವುಗಳೊಂದಿಗೇ ತಿಂದು, ಇವುಗಳೊಂದಿಗೇ ಅಲೆದು, ಇವುಗಳ ಸುಖದುಃಖ ಬಲ್ಲವನು ನಾನು.

ಮೊದಲು ಹಿಂಡಿನ ಜೊತೆ ಬದುಕು, ಆಮೇಲೆ ವೈದ್ಯ. ಕತೆ ಕಟ್ಟಿದವರು ಈ ಅನುಕ್ರಮವನ್ನು ಸುಮ್ಮನೆ ಇಟ್ಟಿರಲಾರರು. ಆರೋಗ್ಯವಾಗಿರುವ ಆನೆ ಇಡೀ ದಿನ ಏನು ಮಾಡುತ್ತದೆ ಎಂದು ಗೊತ್ತಿಲ್ಲದವನಿಗೆ ಕಾಯಿಲೆಯ ಆನೆ ಕಾಣಿಸುವುದೇ ಇಲ್ಲ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಕತೆಯ ಇನ್ನೊಂದು ಅಂಶ. ಪಾಲಕಾಪ್ಯ ಹಚ್ಚಿದ ಔಷಧ ಕಾಡಿನಲ್ಲಿ ಆದ ಗಾಯಗಳಿಗಲ್ಲ. ಹಿಡಿಯುವಾಗ, ಕಟ್ಟುವಾಗ ಆದ ಗಾಯಗಳಿಗೆ. ನಮ್ಮ ಆನೆವೈದ್ಯದ ಮೊದಲ ದೃಶ್ಯವೇ ಅದು.

ಕೇರಳದ ನೀಲಕಂಠ ಬರೆದ ‘ಮಾತಂಗಲೀಲೆ’ ಚಿಕ್ಕ ಪುಸ್ತಕ. ಫ್ರಾಂಕ್ಲಿನ್ ಎಡ್ಜರ್ಟನ್ 1931ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಹೊಸದಾಗಿ ಹಿಡಿದ ಆನೆಯನ್ನು ಸಾಕುವ ಮಾತು ಅಲ್ಲಿ ಬರುವಾಗ ಶಾಸ್ತ್ರದ ಧಾಟಿಯೇ ಬದಲಾಗುತ್ತದೆ. ಕಾಡಿನ ನೀರು, ತಾವರೆ, ಹೆಣ್ಣಾನೆಗಳು, ಮನಸ್ಸಿಗೆ ಬಂದತ್ತ ಅಲೆದ ದಿನಗಳು ಇವೆಲ್ಲ ನೆನಪಾಗಿ, ಊರಿನ ಕಟ್ಟು, ಬೈಗುಳ, ಪೆಟ್ಟುಗಳಲ್ಲಿ ಕೊರಗಿ ಅವು ಕೆಲವೇ ದಿನದಲ್ಲಿ ಸಾಯುತ್ತವೆ ಎಂಬ ಅರ್ಥದ ಮಾತುಗಳು ಅಲ್ಲಿವೆ. ಕೊರಗು ಅಲ್ಲಿ ಕವಿಯ ಅಲಂಕಾರವಲ್ಲ, ಸಾವಿನ ಕಾರಣ. ಹೊಸ ಆನೆಯನ್ನು ತಣ್ಣೀರಿನಲ್ಲಿ ನಿಲ್ಲಿಸುವುದು, ಹಸಿರು ಮೇವು ಕೊಡುವುದು, ಇಂಪಾದ ಮಾತಾಡಿಸುವುದು ಇವೆಲ್ಲ ಚಿಕಿತ್ಸೆಯ ಭಾಗವೇ ಆದವು. ಇಷ್ಟೆಲ್ಲ ಬಲ್ಲ ಶಾಸ್ತ್ರ ಹಿಡಿಯುವುದನ್ನು ಬಿಡಿ ಎಂದು ಮಾತ್ರ ಹೇಳಲಿಲ್ಲ. ಪ್ರಾಣಿಯ ಮನಸ್ಸನ್ನು ಓದುವ ವಿದ್ಯೆ ಅದನ್ನು ಉಳಿಸುವುದಕ್ಕೂ ಬಂತು, ಅಂಕುಶದ ಕೆಳಗೆ ಇಡುವುದಕ್ಕೂ ಬಂತು. ಎರಡೂ ಒಂದೇ ಪುಸ್ತಕದಲ್ಲಿ, ಒಮ್ಮೊಮ್ಮೆ ಒಂದೇ ಪುಟದಲ್ಲಿ.

ಕನ್ನಡ ನಾಡಿನ ಲೆಕ್ಕವನ್ನೂ ಒಂದೆರಡು ಸಾಲಿನಲ್ಲಿ ಹೇಳಿಬಿಡಬೇಕು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಆನೆ ಹಿಡಿಯುವ, ಸಾಕುವ ವಿವರಗಳಿವೆ. ಅದೇ ವಂಶದ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಸುಮಾರಿಗೆ ಕನ್ನಡದಲ್ಲೇ ‘ಗೋವೈದ್ಯ’ ಬರೆದ. ದನಗಳ ಕಾಯಿಲೆಗೆ ಅದರಲ್ಲಿ ಮದ್ದೂ ಉಂಟು, ಮಂತ್ರವೂ ಉಂಟು. ಒಂಬೈನೂರು ವರ್ಷದ ಹಿಂದೆ ನಮ್ಮ ಭಾಷೆಯಲ್ಲಿ ಪಶುವೈದ್ಯದ ಪುಸ್ತಕ ಇತ್ತೆಂದು ಹೇಳಿಕೊಳ್ಳಲು ಹೆಮ್ಮೆ. ಆದರೆ ನಾನು ಹುಡುಕುತ್ತಿದ್ದದ್ದು ಮದ್ದಿನ ಪಟ್ಟಿಯನ್ನಲ್ಲ. ಹಟ್ಟಿಯ ಬಾಗಿಲಲ್ಲಿ ನಿಂತು “ಯಾಕೋ ಮೆಲುಕು ಹಾಕ್ತಿಲ್ಲ ಇದು” ಎಂದು ಗುರುತಿಸಿದ ಕಣ್ಣನ್ನು. ಅದು ಪುಸ್ತಕಕ್ಕೆ ಬರುವುದು ಬಹಳ ಅಪರೂಪ.

ಈಗ ಖೆಡ್ಡಾ. ಜಾರ್ಜ್ ಪಿ. ಸ್ಯಾಂಡರ್ಸನ್ 1864ರಲ್ಲಿ ಮೈಸೂರು ಸೀಮೆಗೆ ಬಂದವನು. ನೀರಾವರಿ ಕಾಲುವೆಗಳ ಅಧಿಕಾರಿ. ಚಾಮರಾಜನಗರದ ಹತ್ತಿರ ಮೊರ್ಲೆಯಲ್ಲಿ ಬೀಡುಬಿಟ್ಟು, ಕನ್ನಡ ಕಲಿತು, ಕಾಡುಕುರುಬರು, ಸೋಲಿಗರ ಜೊತೆ ತಿರುಗಿದ. ಹೈದರಾಲಿ ಹಿಂದೊಮ್ಮೆ ಖೆಡ್ಡಾ ಮಾಡಲು ಹೋಗಿ ಸೋತು, ಮುಂದೆ ಪ್ರಯತ್ನಿಸುವವರಿಗೆ ಶಾಪವಿಟ್ಟು ಕಲ್ಲು ಕೊರೆಸಿದ್ದಾನೆಂದು ಅವನೇ ಬರೆಯುತ್ತಾನೆ. 1873ರ ಮೊದಲ ಯತ್ನ ಕೈಗೂಡಲಿಲ್ಲ, 1874ರಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡು ಸಿಕ್ಕಿತು. 1878ರಲ್ಲಿ ಪ್ರಕಟವಾದ ಅವನ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಇವತ್ತಿಗೂ ಓದಿಸಿಕೊಳ್ಳುತ್ತದೆ. ಆನೆ ಮಹಾಬುದ್ಧಿವಂತ ಪ್ರಾಣಿ ಎಂಬ ಮಾತನ್ನು ಅವನು ಒಪ್ಪಲಿಲ್ಲ. ಅದರ ಗುಣ ಬುದ್ಧಿಯಲ್ಲ, ವಿಧೇಯತೆ ಮತ್ತು ತಾಳ್ಮೆ ಎಂದ. ಕಟ್ಟಿಹಾಕಿದ ಪ್ರಾಣಿಯಲ್ಲಿ ವಿಧೇಯತೆ ಕಂಡದ್ದು ಅಷ್ಟೇನೂ ಆಶ್ಚರ್ಯವಲ್ಲ.

ಆದರೂ ಅವನು ನೋಡುತ್ತಿದ್ದ. ಹೊಟ್ಟೆಯಲ್ಲಿ ಜಂತುಹುಳು ಹೆಚ್ಚಾದಾಗ ಆನೆಗಳು ತಾವೇ ಮಣ್ಣು ತಿನ್ನುತ್ತವೆ, ಸ್ವಲ್ಪ ಹೊತ್ತಿನಲ್ಲೇ ಭೇದಿಯಾಗಿ ಹುಳು ಹೊರಬೀಳುತ್ತವೆ ಎಂದು ಬರೆದ. ಇದು ಮಾವುತರಿಗೆ ಮೊದಲೇ ಗೊತ್ತಿದ್ದದ್ದು. ತಿಳಿಯದವನು ನೋಡಿದರೆ ‘ಆನೆ ಮಣ್ಣು ತಿನ್ನುತ್ತಿದೆ, ತಡೆಯಿರಿ’ ಎನ್ನುತ್ತಿದ್ದ. ತಿಳಿದವನು ಸುಮ್ಮನಿದ್ದು ಲದ್ದಿ ನೋಡುತ್ತಿದ್ದ. ಅದರ ಬೆನ್ನಿಗೇ ಆಂಗ್ಲ ಪಶುವೈದ್ಯರ ಕೈಪಿಡಿಗಳು ಬಂದವು. 1885ರಲ್ಲಿ ಮದ್ರಾಸಿನಿಂದ ಜಾನ್ ಹೆನ್ರಿ ಸ್ಟೀಲ್‌ನದು, 1901ರಲ್ಲಿ ರಂಗೂನಿನಿಂದ ಇವಾನ್ಸ್‌ನದು. ಆನೆಯ ಸ್ವಭಾವ, ಸಾಕಣೆಗಳ ಮಾತಿಲ್ಲದೆ ರೋಗದ ಮಾತಾಡಲು ಅವರಿಗೂ ಆಗಲಿಲ್ಲ. ಅದೆಲ್ಲ ಬಂದದ್ದು ಮಾವುತರಿಂದ, ಬರ್ಮಾದ ಊಝಿಗಳಿಂದ. ಮುಖಪುಟದ ಮೇಲೆ ಹೆಸರು ಬರೆದವರದು.

ಆನೆಯ ಇತಿಹಾಸದಲ್ಲಿ ವರ್ತನೆಯನ್ನು ರೋಗವೆಂದು ಓದಿದ ಒಂದು ಪ್ರಸಂಗ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅದು ನಡೆದದ್ದು ತೀರ ಈಚೆಗೆ, 1970ರ ದಶಕದ ನಡುವಿನಲ್ಲಿ, ಕೀನ್ಯಾದ ಅಂಬೊಸೆಲಿಯಲ್ಲಿ. ಸಿಂಥಿಯಾ ಮಾಸ್ ಅಲ್ಲಿನ ಆನೆಗಳನ್ನು ಒಂದೊಂದಾಗಿ ಗುರುತಿಟ್ಟುಕೊಂಡು ನೋಡುತ್ತಿದ್ದಳು. ಜಾಯ್ಸ್ ಪೂಲ್ ಇನ್ನೂ ಹತ್ತೊಂಬತ್ತರ ಹುಡುಗಿ, ಗಂಡಾನೆಗಳ ಅಧ್ಯಯನಕ್ಕೆ ಸೇರಿಕೊಂಡಳು. ಕೆಲವು ದೊಡ್ಡ ಸಲಗಗಳು ಒಂದೇಸಮ ಮೂತ್ರ ತೊಟ್ಟಿಕ್ಕಿಸುತ್ತ ನಡೆಯುವುದನ್ನೂ ಅವುಗಳ ಶಿಶ್ನ ಹಸಿರುಗಟ್ಟಿರುವುದನ್ನೂ ಅವರು ಕಂಡರು. ಪಾಪ, ಏನೋ ಸೋಂಕು ತಗಲಿದೆ ಎಂದುಕೊಂಡರು. ‘ಹಸಿರು ಶಿಶ್ನದ ಬೇನೆ’ ಎಂದು ಅದಕ್ಕೆ ಹೆಸರೂ ಇಟ್ಟುಕೊಂಡರು. ಆಫ್ರಿಕಾದ ಆನೆಗೆ ಮದ ಬರುವುದಿಲ್ಲ ಎಂಬುದು ಆಗ ಪ್ರಾಣಿಶಾಸ್ತ್ರದ ಒಪ್ಪಿತ ಮಾತು. ಅಲ್ಲಿ ಹೆಣ್ಣಾನೆಗಳ ಕಪೋಲದಿಂದಲೂ ದ್ರವ ಹರಿಯುವುದರಿಂದ ಅದಕ್ಕೆ ವಿಶೇಷ ಅರ್ಥವಿಲ್ಲವೆಂದು ಬಿಟ್ಟಿದ್ದರು.

‘ರೋಗ’ ಬಂದ ಆನೆಗಳು ಸೊರಗಿ ಮೂಲೆ ಸೇರಲಿಲ್ಲ. ತಲೆ ಎತ್ತಿ, ಕಿವಿ ಬಿರಿದು, ಬೇರೆ ಗಂಡುಗಳನ್ನು ಅಟ್ಟಿಸಿಕೊಂಡು, ಹೆಣ್ಣುಗಳ ಹಿಂದೆ ಹೋದವು. ಕೆಲವು ವಾರ, ತಿಂಗಳುಗಳ ಮೇಲೆ ‘ರೋಗ’ ತಾನೇ ವಾಸಿಯಾಯಿತು. ಮರುವರ್ಷ ಅದೇ ಆನೆಗೆ ಸುಮಾರು ಅದೇ ಹೊತ್ತಿಗೆ ಮತ್ತೆ ಬಂತು. ಏಷ್ಯಾದ ಆನೆಯ ಮದದ ಬಗ್ಗೆ ಓದಿದಾಗ ಅವರಿಗೆ ಗೊತ್ತಾಯಿತು, ಇದು ಅದೇ. 1981ರಲ್ಲಿ ಪೂಲ್ ಮತ್ತು ಮಾಸ್ ‘ನೇಚರ್’ ಪತ್ರಿಕೆಯಲ್ಲಿ ಆಫ್ರಿಕಾದ ಆನೆಗೂ ಮದ ಬರುತ್ತದೆ ಎಂದು ಪ್ರಕಟಿಸಿದರು. ಅದಕ್ಕೆ ಒಂಬತ್ತು ವರ್ಷ ಮೊದಲೇ ಶ್ರೀಲಂಕಾದ ಸಾಕಾನೆಗಳ ರಕ್ತ ಪರೀಕ್ಷಿಸಿ, ಮದದ ಹೊತ್ತಿನಲ್ಲಿ ಟೆಸ್ಟೋಸ್ಟೆರೋನ್ ಹಲವು ಪಟ್ಟು ಏರುತ್ತದೆಂದು ಜೈನುದ್ದೀನ್ ಮತ್ತು ಸಂಗಡಿಗರು ತೋರಿಸಿದ್ದರು.

ನಮಗೆ ಇದನ್ನು ಓದಿದಾಗ ನಗು ಬರುತ್ತದೆ. ಮದಜಲಕ್ಕೆ ಮುತ್ತುವ ದುಂಬಿಗಳಿಲ್ಲದೆ ನಮ್ಮ ಹಳೆಯ ಕವಿಗಳಿಗೆ ಸೇನೆಯ ವರ್ಣನೆಯೇ ಮುಗಿಯುತ್ತಿರಲಿಲ್ಲ! ಮಾತಂಗಲೀಲೆಯಲ್ಲಿ ಮದದ ಹಂತಗಳಿಗೆಂದೇ ಒಂದು ಅಧ್ಯಾಯವಿದೆ. ಕ್ಯಾಂಪಿನ ಯಾವ ಕಾವಾಡಿ ಹುಡುಗನನ್ನು ಕೇಳಿದರೂ ಕಣ್ಣು, ಕಿವಿಗಳ ನಡುವೆ ಊತ ಶುರುವಾದದ್ದನ್ನು ಬೆರಳಿಟ್ಟು ತೋರಿಸಿ “ಮಸ್ತಿ ಬರ್ತಾ ಇದೆ” ಎನ್ನುತ್ತಾನೆ.

ವೈದ್ಯನಿಗೆ ಇದು ತಮಾಷೆಯ ವಿಷಯವಲ್ಲ ಎಂದು ಗೆಳೆಯ ಹೇಳಿದ. ಮಸ್ತಿಯಲ್ಲಿರುವ ಆನೆ ಮೇವು ಕಡಿಮೆ ಮಾಡುತ್ತದೆ, ಇಳಿದುಹೋಗುತ್ತದೆ. ಗೊತ್ತಿಲ್ಲದವನು ಹಸಿವಿಗೆ ಔಷಧ ಕೊಡುತ್ತ ಕೂರುತ್ತಾನೆ. ನಿಜವಾದ ಸಂಗತಿ ತಿರುಗುಮುರುಗು: ಚೆನ್ನಾಗಿ ಮೈಕಟ್ಟಿದ ಗಂಡಿಗೆ ಮದ ಚೆನ್ನಾಗಿ ಬರುತ್ತದೆ, ಸೊರಗಿದ್ದಕ್ಕೆ ಬರುವುದು ಕಡಿಮೆ, ಬಂದರೂ ಬೇಗ ಇಳಿಯುತ್ತದೆ. ವರ್ಷವರ್ಷ ಬರುತ್ತಿದ್ದ ಮದ ಒಂದು ವರ್ಷ ಬಾರದಿದ್ದರೆ ಆಗ ಯೋಚಿಸಬೇಕು. ಇನ್ನೊಂದು ಅಪಾಯವೂ ಇದೆ. ಗಂಡಾನೆ ಮುನಿಸು ತೋರಿಸಿದಾಗಲೆಲ್ಲ “ಮಸ್ತಿ” ಎಂದು ದೂರ ಕಟ್ಟಿಬಿಟ್ಟರೆ ಹಲ್ಲು ನೋವೋ ಹೊಟ್ಟೆ ನೋವೋ ಮುಚ್ಚಿಹೋಗುತ್ತದೆ. ಅಂದರೆ ಮಾವುತರ ಅರಿವೂ ಕೆಲವೊಮ್ಮೆ ಎಡವುತ್ತದೆ. ಅದನ್ನು ಅಂಬೊಸೆಲಿಯ ಹೆಂಗಸರು ಮಾಡಿದಂತೆ ದಿನವೂ ಬರೆದಿಟ್ಟು, ವರ್ಷ ವರ್ಷ ಹೋಲಿಸಿದಾಗ ಮಾತ್ರ ತಪ್ಪು ತಿದ್ದಿಕೊಳ್ಳುವ ದಾರಿ ಸಿಗುತ್ತದೆ.

ರೋಗದ ಹೊತ್ತಿನ ವರ್ತನೆಯನ್ನೇ ವಿಜ್ಞಾನ ಗಂಭೀರವಾಗಿ ತೆಗೆದುಕೊಂಡದ್ದು ಕೂಡ ಈಚೆಗೇ. 1988ರಲ್ಲಿ ಅಮೆರಿಕದ ಪಶುವೈದ್ಯ ಬೆಂಜಮಿನ್ ಹಾರ್ಟ್ ಒಂದು ಲೇಖನ ಬರೆದ. ಕಾಯಿಲೆಯ ಪ್ರಾಣಿ ಮಂಕಾಗಿ ಕೂರುವುದು, ಮೇವು ಬಿಡುವುದು, ಮೈ ನೆಕ್ಕಿಕೊಳ್ಳದಿರುವುದು ಇವೆಲ್ಲ ಸೋತ ದೇಹದ ಲಕ್ಷಣಗಳಲ್ಲ. ಜ್ವರದ ಜೊತೆ ಸೇರಿ ಸೋಂಕಿನ ವಿರುದ್ಧ ದೇಹ ಹೂಡುವ ಒಂದು ವ್ಯವಸ್ಥಿತ ಉಪಾಯ ಎಂಬುದು ಅವನ ವಾದ. ಆ ಲೇಖನದ ಮೇಲೆ ದೊಡ್ಡದೊಂದು ಅಧ್ಯಯನ ಶಾಖೆಯೇ ಬೆಳೆದಿದೆ. ನನ್ನ ಅಜ್ಜಿ ಜ್ವರ ಬಂದ ಕರುವನ್ನು ಬಲವಂತ ಮಾಡಬೇಡಿ ಎನ್ನುತ್ತಿದ್ದಳು; ಯಾಕೆಂದು ಕೇಳಿದರೆ ಬೈಯುತ್ತಿದ್ದಳು. ಹಾರ್ಟ್ ಬೈಯದೆ ವಿವರಿಸಿದ.

ನಮ್ಮ ಕಡೆ ಈ ಎರಡು ಬಗೆಯ ಅರಿವೂ ಒಬ್ಬನಲ್ಲೇ ಸೇರಿದ್ದಕ್ಕೆ ಉದಾಹರಣೆ ಡಾಕ್ಟರ್ ವಿ. ಕೃಷ್ಣಮೂರ್ತಿ. ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲಿ ತಮಿಳುನಾಡು ಅರಣ್ಯ ಇಲಾಖೆಯ ಪಶುವೈದ್ಯರಾಗಿದ್ದವರು. ಜೆಯಮೋಹನ್ ಅವರ ‘ಯಾನೈ ಡಾಕ್ಟರ್’ ಎಂಬ ತಮಿಳು ಕತೆ ಓದಿದವರಿಗೆ ಗೊತ್ತಿರುತ್ತದೆ. ಕಾಡಿನಲ್ಲಿ ಸತ್ತ ಆನೆಯನ್ನು ಹಾಗೇ ಹೂಳದೆ ಮರಣೋತ್ತರ ಪರೀಕ್ಷೆ ಮಾಡಬೇಕೆಂದು ಹಟ ಹಿಡಿದು, ಕೊಳೆತ ದೇಹಗಳ ಒಳಗೆ ಕೈಯಿಟ್ಟು ಸಾವಿನ ಕಾರಣ ಹುಡುಕಿದವರು. ಕ್ಯಾಂಪಿನ ಆನೆಗಳು ರಾತ್ರಿ ಕಾಡಿನಲ್ಲಿ ಮೇಯುವುದರಿಂದಲೇ ಅಲ್ಲಿನ ಹೆಣ್ಣುಗಳು ಕಾಡಿನ ಸಲಗಗಳೊಂದಿಗೆ ಕೂಡಿ ಮರಿಹಾಕುತ್ತಿದ್ದವು. ಆನೆಗೆ ಅದರ ಬದುಕಿನ ಒಂದು ತುಂಡನ್ನಾದರೂ ಬಿಟ್ಟುಕೊಟ್ಟರೆ ವೈದ್ಯನ ಕೆಲಸ ಅರ್ಧವಾಗುತ್ತದೆ.

ಕಟ್ಟಿಹಾಕದೆ ಚಿಕಿತ್ಸೆ ಮಾಡುವುದು ಸಾಧ್ಯವೇ? 1990ರ ದಶಕದ ಆರಂಭದಲ್ಲಿ ಸ್ಯಾನ್ ಡಿಯಾಗೋದಲ್ಲಿ ಶುರುವಾದ ಒಂದು ಪದ್ಧತಿ ಈಗ ಎಷ್ಟೋ ಮೃಗಾಲಯಗಳಲ್ಲಿದೆ. ಸರಳುಗಳ ಈಚೆ ಮನುಷ್ಯ, ಆಚೆ ಆನೆ. ಕೋಲಿನ ತುದಿಯ ಗುರುತನ್ನು ಮುಟ್ಟಿದರೆ ಹಣ್ಣು. ಹೀಗೇ ಹೆಜ್ಜೆಹೆಜ್ಜೆಯಾಗಿ ಆನೆ ತಾನೇ ಕಾಲು ಎತ್ತಿ ಸರಳಿನ ಮೇಲಿಡಲು, ಕಿವಿಯ ಹಿಂದಿನ ನರದಿಂದ ರಕ್ತ ತೆಗೆಯಲು ಕಿವಿ ಚಾಚಲು ಕಲಿಯುತ್ತದೆ. ಬೇಡವಾದರೆ ಎದ್ದು ಹೋಗಬಹುದು, ಪೆಟ್ಟಿಲ್ಲ. ನೇಪಾಳದಲ್ಲಿ ಕ್ಷಯದ ಪರೀಕ್ಷೆಗೆ ಸೊಂಡಿಲು ತೊಳೆದ ನೀರು ಬೇಕು. ಸೊಂಡಿಲೊಳಗೆ ಉಪ್ಪುನೀರು ಹಾಕಿಸಿಕೊಂಡು, ಮೇಲೆತ್ತಿ ಹಿಡಿದು, ಹೇಳಿದಾಗ ಚೀಲದೊಳಗೆ ಊದಬೇಕು. ಯಾವ ಆನೆ ಇದಕ್ಕೆ ಒಪ್ಪೀತು? 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಲ್ಲಿನ ದುಡಿಯುವ ಆನೆಗಳಲ್ಲಿ ಕೆಲವು ಎಳೆಯವಕ್ಕೆ ಬರೀ ಹಣ್ಣು, ತಿಂಡಿಯ ಆಸೆ ತೋರಿಸಿ ಇದನ್ನು ಕಲಿಸಿದರು.

ಇದು ನಮ್ಮವರಿಗೆ ಪೂರಾ ಹೊಸದೆಂದೂ ಅನ್ನಲಾರೆ. ಮೈಸೂರಿನಲ್ಲಿ ದಸರೆಗೆ ಮೊದಲು ಆನೆಗಳಿಗೆ ಮರಳಿನ ಮೂಟೆ ಹೊರಿಸಿ ಭಾರ ರೂಢಿಮಾಡಿಸುವುದು, ಕುಶಾಲತೋಪಿನ ಸದ್ದಿಗೆ ಬೆದರದಂತೆ ಮತ್ತೆಮತ್ತೆ ಸಿಡಿಸಿ ಅಭ್ಯಾಸ ಮಾಡಿಸುವುದು ಎಲ್ಲರಿಗೂ ಗೊತ್ತು. ಅದೇ ತಾಳ್ಮೆಯನ್ನು ಸೂಜಿಗೂ ಉಗುರು ಹೆರೆಯುವುದಕ್ಕೂ ಬಳಸಿದರೆ ಹೇಗೆ ಎಂದು ಗೆಳೆಯನನ್ನು ಕೇಳಿದೆ. ಅದಕ್ಕೆ ದಿನಾ ಅರ್ಧ ಗಂಟೆ, ಒಬ್ಬನೇ ಮಾವುತ, ಹಲವು ತಿಂಗಳು ಬೇಕು ಎಂದ. ಅವನು ಮೊದಲಾಗಿ ಹೇಳಿದ್ದು ಹಣದ ಮಾತಲ್ಲ, ಅದೇ ಮಾವುತ ಉಳಿಯಬೇಕು ಎಂಬ ಮಾತು. ಮಾವುತರ ಮಕ್ಕಳು ಈಗ ಬೇರೆ ಕೆಲಸ ನೋಡುತ್ತಿದ್ದಾರೆ. ನೋಡಬಾರದು ಎನ್ನಲು ನಾನು ಯಾರು? ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಮೊದಲು ಸಾವಿನ ಎದುರು ನಿಲ್ಲುವವರು ಅವರೇ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರಿನ ಬಳಿ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಿನ ಸಲಗದ ದಂತಕ್ಕೆ ಬಿದ್ದಾಗ, ಅದರ ಮೇಲೆ ಬಿದ್ದು ಅಳುತ್ತಿದ್ದ ಮಾವುತನನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅರ್ಧಶಾಸ್ತ್ರವಾದರೂ ಅವರ ತಲೆಯಲ್ಲಿದೆ. ಅದರಲ್ಲಿ ಎಷ್ಟನ್ನು ಯಾರು ಬರೆದುಕೊಂಡಿದ್ದಾರೆ?

ಆ ನವೆಂಬರಿನ ಬೆಳಿಗ್ಗೆ ಗೆಳೆಯ ಕೀವು ತೆಗೆದ ಮೇಲೆ ಔಷಧಿ ಬೆರೆಸಿದ ಬಿಸಿನೀರನ್ನು ಟಬ್ಬಿನಲ್ಲಿ ತಂದಿಟ್ಟರು. ಮಾವುತರು ಏನೋ ಅಂದರು, ನನಗೆ ಅರ್ಥವಾಗಲಿಲ್ಲ. ಆನೆ ನೋವಿನ ಕಾಲನ್ನು ತಾನೇ ಎತ್ತಿ ಟಬ್ಬಿನೊಳಗೆ ಇಟ್ಟಿತು, ಅಲ್ಲೇ ನಿಂತಿತು. ಅವರು ಬೆಲ್ಲದ ಚೂರು ಕೊಟ್ಟರು. ಗೆಳೆಯ ಚಿಕಿತ್ಸೆಯ ಪುಸ್ತಕದಲ್ಲಿ ದಿನಾಂಕ, ಎಡ ಮುಂಗಾಲು, ಉಗುರಿನ ಬುಡದಲ್ಲಿ ಕೀವು, ಕೊಟ್ಟ ಔಷಧ ಎಲ್ಲ ಬರೆದ. ನಾನು ಪಕ್ಕದಲ್ಲಿ ಇಣುಕಿ, ಮಲಗದಿದ್ದ ಸಂಗತಿ ಇದರಲ್ಲಿಲ್ಲವಲ್ಲ ಎಂದೆ. ಅವನು ನನ್ನನ್ನೊಮ್ಮೆ ನೋಡಿ, ಪೆನ್ನು ತೆಗೆದು, ಅಂಚಿನಲ್ಲಿ ಜಾಗವಿದ್ದಷ್ಟು ಚಿಕ್ಕದಾಗಿ ಬರೆದ: ‘ಎರಡು ರಾತ್ರಿ ಮಲಗಿಲ್ಲ’. ಆಮೇಲೆ ಮಾವುತರ ಹೆಸರು.

ನಾನು ಊರಿಗೆ ಬಂದ ನಾಲ್ಕನೆಯ ದಿನ ಅವನ ಫೋನು ಬಂತು. ಅದೂ ಇದೂ ಮಾತಾಡಿ ಇಡುವಾಗ ಹೇಳಿದ, “ಇವತ್ತು ಹೋಗಿದ್ದೆ ಕಣೋ. ಎಡಪಕ್ಕೆ ತುಂಬ ಕೆಸರು. ನೀವು ನೋಡ್ಲಿ ಅಂತ ತೊಳೀದೆ ಹಾಗೇ ಬಿಟ್ಟಿದೀನಿ ಅಂದ್ರು.”